ಬ್ರಿಟನ್ನಿನ ರೈಲು: ಯಾವ ದಾರಿ, ಯಾವ ಗಾಡಿ, ಯಾವ ಸ್ಟೇಷನ್ ಇಷ್ಟ? ಯಾವುದು ಬೇಡ?

ಗೇಜು1676:

ಎಲ್ಲರಿಗೂ ನಮಸ್ಕಾರ. ಅಕ್ಟೋಬರ್ ಕೊನೆಯ ವಾರ ಬ್ರಿಟನ್ನಿನಲ್ಲಿ ಆರು ದಿನ ಬರೀ ರೈಲಿಗೆಂದೇ ಸಿಗುತ್ತಿದೆ. ಹೊರಡುವುದು ಲೀಡ್ಸ್‌ನಿಂದ, ಮರಳುವುದೂ ಅಲ್ಲಿಗೇ. ನೋಡಲೇಬೇಕಾದ ದಾರಿಗಳು ಅನ್ನುವ ಪಟ್ಟಿಗಳನ್ನು ಬೇಕಾದಷ್ಟು ಓದಿದೆ. ಎಲ್ಲದರಲ್ಲೂ ಅವೇ ಮೂರು ಸೇತುವೆಗಳ ಫೋಟೊ. ನನಗೆ ಬೇಕಿರುವುದು ಬೇರೆ: ಯಾವ ದಾರಿ ನಿಮಗಿಷ್ಟ, ಯಾಕೆ, ಯಾವ ಪಕ್ಕ ಕೂರಬೇಕು, ಯಾವ ಗಾಡಿಯಿಂದ, ಯಾವ ಸ್ಟೇಷನ್ನಿನಿಂದ ದೂರ ಇರಬೇಕು. ಇಷ್ಟವಿಲ್ಲದ್ದನ್ನೂ ಮುಲಾಜಿಲ್ಲದೆ ಹೇಳಿ, ಆದರೆ ಕಾರಣ ಕೊಡಿ. ಉತ್ತರ ಇಂಗ್ಲೆಂಡಿನ ಸೆಟಲ್–ಕಾರ್ಲೈಲ್, ಸ್ಕಾಟ್ಲೆಂಡಿನ ವೆಸ್ಟ್ ಹೈಲ್ಯಾಂಡ್, ವೇಲ್ಸ್‌ನ ಕೇಂಬ್ರಿಯನ್ ಕರಾವಳಿ, ನೈಋತ್ಯ ಇಂಗ್ಲೆಂಡಿನ ಡಾಲಿಷ್ ಕಡಲ ದಂಡೆ: ನಾಲ್ಕೂ ಆರು ದಿನದಲ್ಲಿ ಆಗುತ್ತವೆಯೇ?

ಲೀಡ್ಸ್‌ಕನ್ನಡತಿ:

ನನ್ನ ಮೊದಲ ಆಯ್ಕೆ ಸೆಟಲ್–ಕಾರ್ಲೈಲ್. ನೋಟಕ್ಕಿಂತ ಹೆಚ್ಚಾಗಿ ಅಲ್ಲಿ ಹಳಿ ಹಾಕಿದ ರೀತಿಗೆ.

ಮಿಡ್‌ಲ್ಯಾಂಡ್ ಕಂಪನಿಗೆ ಸ್ಕಾಟ್ಲೆಂಡಿಗೆ ಹೋಗಲು ತನ್ನದೇ ದಾರಿ ಬೇಕಿತ್ತು, ಪೈಪೋಟಿಯವರ ಹಳಿಯನ್ನು ನೆಚ್ಚಿಕೊಂಡು ಸಾಕಾಗಿತ್ತು. 1869ರಲ್ಲಿ ಯೋಜನೆ ಕೈಬಿಡುತ್ತೇವೆ ಎಂದು ತಾನೇ ಕೇಳಿಕೊಂಡಿತು, ಸಂಸತ್ತು ಒಪ್ಪಲಿಲ್ಲ. ಪ್ರಯಾಣಿಕರ ಗಾಡಿ ಓಡಿದ್ದು 1876ರಿಂದ. ವೇಗದ ಗಾಡಿಗಳಿಗೆಂದು ಕಟ್ಟಿದ ದಾರಿಯಾದ್ದರಿಂದ ಏರು 1:100 (ನೂರು ಅಡಿ ಸಾಗಿದರೆ ಒಂದು ಅಡಿ ಏರು) ಮೀರದಂತೆ ನೋಡಿಕೊಂಡರು. ನಮ್ಮ ಸಕಲೇಶಪುರ–ಸುಬ್ರಹ್ಮಣ್ಯ ಘಾಟಿ 1:50. ನಮ್ಮಲ್ಲಿ ಹಳಿ ಬೆಟ್ಟದ ಮೈಗೆ ಅಂಟಿಕೊಂಡು ಸುತ್ತುತ್ತದೆ. ಇಲ್ಲಿ ಕಣಿವೆ ಬಂದರೆ ಕಮಾನು ಕಟ್ಟಿದ್ದಾರೆ, ಗುಡ್ಡ ಬಂದರೆ ಕೊರೆದಿದ್ದಾರೆ, ಹಳಿಯನ್ನು ಬಳುಕಿಸಿಲ್ಲ. ಸೆಟಲ್ ಬಿಟ್ಟ ಮೇಲೆ ಬ್ಲೀ ಮೂರ್‌ವರೆಗೆ ಹೆಚ್ಚುಕಡಿಮೆ 15 ಮೈಲಿ ಒಂದೇ ಸಮ ಏರು. ಕಲ್ಲಿದ್ದಲು ಎರಚುತ್ತಿದ್ದ ಕಾಲದಲ್ಲಿ ಇಂಜಿನ್ನಿನವರು ಇದನ್ನು ಉದ್ದನೆಯ ಎಳೆತ ಅನ್ನುತ್ತಿದ್ದರು. ಅಲ್ಲಿಂದ 2,404 ಮೀಟರ್ ಸುರಂಗ, ಆಮೇಲೆ ಡೆಂಟ್. ಇಂಗ್ಲೆಂಡಿನ ಮುಖ್ಯ ದಾರಿಗಳಲ್ಲಿ ಅತಿ ಎತ್ತರದ ಸ್ಟೇಷನ್ ಅದು, 350 ಮೀಟರ್. ಹಿಮ ಬಂದು ಹಳಿ ಮುಚ್ಚದಿರಲೆಂದು ಹಳೆಯ ಸ್ಲೀಪರ್‌ಗಳನ್ನು ಸಾಲಾಗಿ ನೆಟ್ಟು ಮಾಡಿದ ಬೇಲಿ ಇನ್ನೂ ಕಾಣುತ್ತದೆ. ದಾರಿಯ ನೆತ್ತಿ ಇನ್ನಷ್ಟು ಮುಂದೆ, ಏಸ್ ಗಿಲ್‌ನಲ್ಲಿ, 356 ಮೀಟರ್.

ಕೂರುವುದು: ಉತ್ತರಕ್ಕೆ ಹೋಗುವಾಗ ಎಡಗಡೆ. ಡೆಂಟ್ ಕಣಿವೆ ಪೂರ್ತಿ ಎಡಕ್ಕೆ ತೆರೆದುಕೊಳ್ಳುತ್ತದೆ. ಪೆನಿಗೆಂಟ್ ಗುಡ್ಡ ಮಾತ್ರ ಹಾರ್ಟನ್ ಹತ್ತಿರ ಬಲಕ್ಕೆ ಬರುತ್ತದೆ, ಅದಕ್ಕೆ ಒಮ್ಮೆ ಎದ್ದು ನೋಡಿದರೆ ಸಾಕು. ಸೀಟು ಕಾದಿರಿಸುವ ಪದ್ಧತಿ ಈ ಗಾಡಿಯಲ್ಲಿಲ್ಲ. ಲೀಡ್ಸ್‌ನಲ್ಲಿಯೇ ಬೇಗ ಹೋಗಿ ಹತ್ತಿ. ಸ್ಕಿಪ್ಟನ್ ತಲುಪುವಾಗ, ಅದರಲ್ಲೂ ಶನಿವಾರ, ಕಿಟಕಿಗಳೆಲ್ಲ ಬೆಟ್ಟ ಹತ್ತುವವರ ಪಾಲಾಗಿರುತ್ತವೆ. ಮೇಜಿರುವ ಸೀಟು ಹಿಡಿಯಿರಿ, ಕಂಬ ಅಡ್ಡ ಬರುವುದು ಕಡಿಮೆ.

ಫೋಟೊಗಳು ಹೇಳದ ವಿಷಯ ಒಂದಿದೆ. ಈ ದಾರಿಯ ರಿಬಲ್‌ಹೆಡ್ ಸೇತುವೆ ಮೇಲೆ ಹೋಗುವಾಗ ರಿಬಲ್‌ಹೆಡ್ ಸೇತುವೆ ಕಾಣುವುದಿಲ್ಲ. 24 ಕಮಾನು, 400 ಮೀಟರ್ ಉದ್ದ, 32 ಮೀಟರ್ ಎತ್ತರ, ಎಲ್ಲ ನಿಮ್ಮ ಕಾಲಡಿಯಲ್ಲಿರುತ್ತದೆ. ನೋಡಬೇಕೆಂದರೆ ರಿಬಲ್‌ಹೆಡ್ ಸ್ಟೇಷನ್ನಿನಲ್ಲಿ ಇಳಿದು 15–20 ನಿಮಿಷ ನಡೆದು ಕಮಾನಿನ ಬುಡಕ್ಕೆ ಹೋಗಿ. ಮುಂದಿನ ಗಾಡಿಗೆ ಎರಡು ಗಂಟೆಯಷ್ಟು ಅಂತರ ಇರಬಹುದು, ಹತ್ತಿರ ಒಂದು ಪಬ್ ಬಿಟ್ಟರೆ ನೆರಳಿಲ್ಲ, ಗಾಳಿ ಬಯಲಿಂದ ನೇರ ಬಡಿಯುತ್ತದೆ. ಮಳೆ ಕೋಟು ಬೇಕೇ ಬೇಕು, ಕೊಡೆ ನಿಲ್ಲುವುದಿಲ್ಲ. ಸೇತುವೆ ಮೇಲೆ ಈಗ ಒಂದೇ ಹಳಿ ಇರುವುದನ್ನು ಗಮನಿಸಿ: ಭಾರ ತಗ್ಗಿಸಲು 1985ರಲ್ಲಿ ಇನ್ನೊಂದನ್ನು ಕಿತ್ತರು. ದುರಸ್ತಿಗೆ ಅಪಾರ ಖರ್ಚು ಎಂಬ ಲೆಕ್ಕ ತೋರಿಸಿಯೇ ಇಡೀ ದಾರಿ ಮುಚ್ಚಲು ಹೊರಟಿದ್ದರು. 1989ರ ಏಪ್ರಿಲ್‌ನಲ್ಲಿ ಸರ್ಕಾರ ಮುಚ್ಚುವುದಿಲ್ಲ ಎಂದಿತು. ಆಮೇಲೆ ದುರಸ್ತಿ ಮಾಡಿದಾಗ ಖರ್ಚು ಅಂದಾಜಿಗಿಂತ ಬಹಳ ಕಡಿಮೆಯಾಯಿತು.

ಟಿಕೆಟ್ ಮಾತು. ಮುಂಗಡದ ಅಗ್ಗದ ಟಿಕೆಟ್ ಒಂದೇ ಗಾಡಿಗೆ ಕಟ್ಟುಬಿದ್ದಿರುತ್ತದೆ, ಮಧ್ಯೆ ಇಳಿಯುವ ಹಾಗಿಲ್ಲ. ರಿಬಲ್‌ಹೆಡ್‌ನಲ್ಲಿ ಇಳಿಯುವ ಯೋಚನೆ ಇದ್ದರೆ ಆಫ್-ಪೀಕ್ (ಜನಸಂದಣಿ ಇಲ್ಲದ ಹೊತ್ತಿನ) ಟಿಕೆಟ್ ತೆಗೆಯಿರಿ. ವಿಶೇಷ ನಿರ್ಬಂಧ ಬರೆದಿಲ್ಲದಿದ್ದರೆ ಮಧ್ಯೆ ಇಳಿದು ಮುಂದಿನ ಗಾಡಿ ಹಿಡಿಯಬಹುದು.

ಘಾಟಿಬ್ಯಾಂಕರ್:

ಮೇಲೆ ಹೋಗುವಾಗ ಸೇತುವೆ ಕಾಣುವುದಿಲ್ಲ ಎಂದು ಮೇಡಂ ಹೇಳಿದ್ದು ವೆಸ್ಟ್ ಹೈಲ್ಯಾಂಡ್ ದಾರಿಯ ಗ್ಲೆನ್‌ಫಿನ್ನನ್ ಸೇತುವೆಗೆ ಅರ್ಧ ಮಾತ್ರ ಅನ್ವಯಿಸುತ್ತದೆ. ಅಲ್ಲಿ ಸೇತುವೆಯೇ ತಿರುವಿನಲ್ಲಿದೆ, ಹಾಗಾಗಿ ಗಾಡಿಯೊಳಗಿಂದಲೇ ಮುಂದಿನ ಅಥವಾ ಹಿಂದಿನ ಕಮಾನುಗಳು ಕಾಣುತ್ತವೆ. 21 ಕಮಾನು, 380 ಮೀಟರ್, ಕಲ್ಲಲ್ಲ, ಕಬ್ಬಿಣದ ಸರಳೇ ಇಲ್ಲದ ಬರೀ ಕಾಂಕ್ರೀಟು. ಫೋರ್ಟ್ ವಿಲಿಯಂನಿಂದ ಮ್ಯಾಲೆಗ್‌ಗೆ ಈ ಭಾಗ ತೆರೆದದ್ದು 1901ರಲ್ಲಿ.

ಇಲ್ಲಿ ಸೀಟಿನ ಲೆಕ್ಕ ಸ್ವಲ್ಪ ಸೂಕ್ಷ್ಮ. ಗ್ಲಾಸ್ಗೋ ಕ್ವೀನ್ ಸ್ಟ್ರೀಟ್‌ನಿಂದ ಹೊರಟಾಗ ಲೋಮಂಡ್ ಸರೋವರ ಬಲಕ್ಕೆ. ಗ್ಲೆನ್‌ಫಿನ್ನನ್‌ನಲ್ಲಿ ಬೇಕಾದದ್ದು ಎಡಕ್ಕೆ. ಹಾಗಾದರೆ ಜಾಗ ಬದಲಿಸಬೇಕೇ? ಬೇಡ. ಫೋರ್ಟ್ ವಿಲಿಯಂನಲ್ಲಿ ಗಾಡಿ ದಿಕ್ಕು ಬದಲಿಸುತ್ತದೆ, ಬಂದ ಮುಖ ಹಿಂದಾಗುತ್ತದೆ. ಗ್ಲಾಸ್ಗೋದಲ್ಲಿ ಬಲಗಡೆ ಕೂತವರಿಗೆ ಅದೇ ಸೀಟು ಆಮೇಲೆ ಎಡಗಡೆಯದಾಗುತ್ತದೆ. ಒಂದೇ ಕಿಟಕಿಯಲ್ಲಿ ಲೋಮಂಡ್ ಮತ್ತು ಗ್ಲೆನ್‌ಫಿನ್ನನ್ ಎರಡೂ ಸಿಗುತ್ತವೆ. ತಪ್ಪುವುದು ಲಾಂಗ್ ಸರೋವರ, ಮತ್ತು ಟಿಂಡ್ರಮ್ ದಾಟಿದ ಮೇಲೆ ಬರುವ ಕುದುರೆ ಲಾಳದ ತಿರುವು. ಅವೆರಡೂ ಎಡಕ್ಕೆ.

ಎಲ್ಲರೂ ತಪ್ಪು ಮಾಡುವ ಇನ್ನೊಂದು ಜಾಗ ಕ್ರಿಯನ್‌ಲಾರಿಕ್. ಓಬನ್ ಗಾಡಿ, ಮ್ಯಾಲೆಗ್ ಗಾಡಿ ಜೋಡಿಯಾಗಿ ಬಂದು ಅಲ್ಲಿ ಬೇರೆಯಾಗುತ್ತವೆ. ಹತ್ತುವಾಗ ಆ ಡಬ್ಬಿಯ ಮೇಲೆ ಬರೆದ ಊರನ್ನು ನೋಡಿಯೇ ಹತ್ತಿ.

ನನ್ನ ಇಷ್ಟದ ತುಣುಕು ಸೇತುವೆಯಲ್ಲ, ರಾನಕ್ ಜೌಗು ಬಯಲು. ನೆಲಕ್ಕೆ ತಳವೇ ಸಿಗದಾಗ ಪೊದೆಯ ಕಟ್ಟುಗಳು, ಹುಲ್ಲು ಹೆಂಟೆ, ಮಣ್ಣು, ಬೂದಿ ಹಾಕಿ, ಅದರ ಮೇಲೆ ಹಳಿಯನ್ನು ತೇಲಿಸಿದರು. 1894ರಿಂದ ಗಾಡಿ ಅದರ ಮೇಲೆ ಓಡುತ್ತಿದೆ. ಕೋರ್ ಅನ್ನುವ ಸ್ಟೇಷನ್ 408 ಮೀಟರ್ ಎತ್ತರದಲ್ಲಿದೆ, ಸಾರ್ವಜನಿಕ ರಸ್ತೆ ಅಲ್ಲಿಗೆ ಹೋಗುವುದಿಲ್ಲ. ಸುಮ್ಮನೆ ನೋಡೋಣವೆಂದು ಇಳಿಯಬೇಡಿ, ಗಾಡಿಗಳು ದಿನಕ್ಕೆ ಬೆರಳೆಣಿಕೆ.

ಹಬೆ ಇಂಜಿನ್ನಿನ ಪ್ರವಾಸಿ ಗಾಡಿಗೆ ಹೆಚ್ಚು ಹಣ ಕೊಡುವ ಬಗ್ಗೆ: ಇಂಜಿನ್ ಇಷ್ಟವಾದರೆ ಕೊಡಿ. ನೋಟಕ್ಕಾಗಿ ಆದರೆ ಬೇಡ. ಹಳಿ ಅದೇ, ಸಾಮಾನ್ಯ ಗಾಡಿಯಿಂದ ಕಾಣುವುದೂ ಅದೇ.

ಇನ್ನು ಗಾಡಿಗಳು. ಇಷ್ಟದ್ದು ಎಚ್‌ಎಸ್‌ಟಿ, 1976ರಲ್ಲಿ ಬಂದ ಇಂಟರ್‌ಸಿಟಿ 125. ಎರಡು ತುದಿಗೆ ತಲಾ 2,250 ಅಶ್ವಶಕ್ತಿಯ ಇಂಜಿನ್, ನಡುವೆ ಇಂಜಿನ್ನೇ ಇಲ್ಲದ ಡಬ್ಬಿಗಳು. ಸದ್ದೆಲ್ಲ ತುದಿಯಲ್ಲಿ, ನಡುವೆ ಕೂತವರಿಗೆ ಬರೀ ಹಳಿಯ ದನಿ. 1987ರ ನವೆಂಬರ್‌ನಲ್ಲಿ ಗಂಟೆಗೆ 238 ಕಿ.ಮೀ. ಮುಟ್ಟಿ ಡೀಸೆಲ್ ಗಾಡಿಗಳ ದಾಖಲೆ ಮಾಡಿತು. ದೋಷ ಇಲ್ಲದಿಲ್ಲ: ಡಬ್ಬಿಯ ಕಿಟಕಿಗಳನ್ನು ಅಳೆದದ್ದು ಮೊದಲ ದರ್ಜೆಯ ಸೀಟಿನ ಅಂತರಕ್ಕೆ. ಎರಡನೇ ದರ್ಜೆಯಲ್ಲಿ ಸೀಟು ಒತ್ತೊತ್ತಾಗಿ ಹಾಕಿದ್ದರಿಂದ ಕೆಲವರ ಪಾಲಿಗೆ ಬರೀ ಗೋಡೆ. ಸ್ಕಾಟ್ಲೆಂಡಿನ ಅಬರ್ಡೀನ್, ಇನ್ವರ್ನೆಸ್ ದಾರಿಗಳಿಗೆ 2018ರಿಂದ ಇವನ್ನು ಗಿಡ್ಡ ಮಾಡಿ ತಂದರು. ಬದಲಿ ಗಾಡಿ ತರುವ ಏರ್ಪಾಡು ಆಗುತ್ತಿರುವುದರಿಂದ ಸಿಕ್ಕಾಗಲೇ ಹತ್ತಿ.

ಬೇಡವಾದದ್ದು ವಾಯೇಜರ್. ಪ್ರತಿ ಡಬ್ಬಿಯ ಕೆಳಗೂ ಒಂದು 750 ಅಶ್ವಶಕ್ತಿಯ ಡೀಸೆಲ್ ಇಂಜಿನ್, ನೆಲ ಗುಂಯ್ ಅನ್ನುತ್ತದೆ. ತಿರುವಿನಲ್ಲಿ ವಾಲುವ ಗಾಡಿಗೆಂದು ಮೈಯನ್ನು ಮೇಲಕ್ಕೆ ಕಿರಿದು ಮಾಡಿದರು. ವಾಲದ ಗಾಡಿಗೂ ಅದೇ ಆಕಾರ ಕೊಟ್ಟರು. ಪರಿಣಾಮ, ತಲೆಯ ಹತ್ತಿರ ಇಕ್ಕಟ್ಟು, ಮೇಲಿನ ಹಲಗೆಯಲ್ಲಿ ದೊಡ್ಡ ಸೂಟ್‌ಕೇಸ್ ಕೂರುವುದಿಲ್ಲ. ಉದ್ದುದ್ದ ದಾರಿಗೆ ನಾಲ್ಕೈದು ಡಬ್ಬಿ ಸಾಲದು. ಡಾಲಿಷ್‌ನಲ್ಲಿ ಇದಕ್ಕೆ ಇನ್ನೊಂದು ಸಂಕಟ ಇದೆ: ಬ್ರೇಕಿನ ವಿದ್ಯುತ್ತನ್ನು ಶಾಖವಾಗಿ ಸುಡುವ ರೆಸಿಸ್ಟರ್‌ಗಳು ಮಾಡಿನ ಮೇಲಿವೆ. ಅಲೆ ಗೋಡೆ ಹಾರಿ ಉಪ್ಪುನೀರು ಅವುಗಳ ಮೇಲೆ ಬಿದ್ದರೆ ಶಾರ್ಟ್ ಆಗಿ ಗಾಡಿ ನಿಲ್ಲುತ್ತದೆ. ಅದಕ್ಕೇ ಕಡಲು ಕೆರಳಿದ ದಿನ ಈ ಗಾಡಿಗಳನ್ನು ಎಕ್ಸೆಟರ್ ಆಚೆ ಬಿಡುವುದಿಲ್ಲ.

ಲಂಡನ್–ಸ್ವಾನ್ಸಿ ದಾರಿಯ ಹಿಟಾಚಿ ಹೊಸ ಗಾಡಿಗಳಲ್ಲಿ ಸೀಟು ಗಟ್ಟಿ, ಅದು ನಿಜ. ನನಗೆ ಅದಕ್ಕಿಂತ ಬೇಸರ ವಿದ್ಯುತ್ ತಂತಿಯ ಕೆಲಸ ನಡುದಾರಿಯಲ್ಲಿ ನಿಂತದ್ದು. 2017ರಲ್ಲಿ ಕಾರ್ಡಿಫ್‌ನಿಂದ ಸ್ವಾನ್ಸಿಗೆ ವಿದ್ಯುದೀಕರಣ ರದ್ದಾಯಿತು. ಈಗ ಲಂಡನ್‌ನಿಂದ ತಂತಿ ಕೆಳಗೆ ಓಡುವಷ್ಟು ದೂರವೂ ಗಾಡಿ ಡೀಸೆಲ್ ಇಂಜಿನ್ನನ್ನೂ ಎಣ್ಣೆಯನ್ನೂ ಹೊತ್ತುಕೊಂಡೇ ಹೋಗುತ್ತದೆ.

ಪೈಂಟ್ಸ್‌ಮನ್:

ಕೆಟ್ಟ ಗಾಡಿ ಅಂದಮೇಲೆ ಪೇಸರ್ ಹೆಸರು ಬರಲೇಬೇಕಲ್ಲ? ಬಸ್ಸಿನ ಮೈಯನ್ನು ಸರಕು ವ್ಯಾಗನ್ನಿನ ತರಹದ ಚೌಕಟ್ಟಿನ ಮೇಲೆ ಕೂರಿಸಿದ್ದು. ನಾವು ಬೋಗಿ ಅಂದರೆ ಇಡೀ ಡಬ್ಬಿ; ಅಲ್ಲಿ ಬೋಗಿ ಅನ್ನುವುದು ಡಬ್ಬಿಯ ಕೆಳಗೆ ತಿರುಗುವ ಚಕ್ರಗಳ ಚೌಕಟ್ಟಿಗೆ. ಪೇಸರ್‌ಗೆ ಅದು ಇಲ್ಲವೇ ಇಲ್ಲ. ಒಂದು ಡಬ್ಬಿಗೆ ಎರಡೇ ಅಚ್ಚು, ನಡುವೆ 9 ಮೀಟರ್ ಅಂತರ. ತಿರುವಿನಲ್ಲಿ ಅಚ್ಚು ಹಳಿಯ ಬಾಗಿಗೆ ಹೊಂದಿಕೊಳ್ಳಲು ಆಗುವುದಿಲ್ಲ, ಚಕ್ರದ ಅಂಚು ಹಳಿಯ ಪಕ್ಕಕ್ಕೆ ತಿಕ್ಕುತ್ತದೆ. ಆ ಕಿರುಚಾಟ ಅದರದ್ದೇ. ಜೋಡಣೆ ಸಂದಿನಲ್ಲಿ ಎತ್ತೆತ್ತಿ ಹಾಕುವುದೂ ಅದಕ್ಕೇ. ಗಾಲಿಕುರ್ಚಿಯವರಿಗೆ ಅನುಕೂಲ ಇರಬೇಕೆಂಬ ನಿಯಮಕ್ಕೆ ಹೊಂದದೆ 2021ರ ಹೊತ್ತಿಗೆ ದಿನನಿತ್ಯದ ಸೇವೆಯಿಂದ ಹೋದವು. ಇಷ್ಟಾದರೂ 1980ರ ದಶಕದಲ್ಲಿ ಅಗ್ಗದ ಈ ಗಾಡಿ ಬರದಿದ್ದರೆ ಉತ್ತರ ಇಂಗ್ಲೆಂಡಿನ ಎಷ್ಟೋ ಕವಲು ದಾರಿಗಳಿಗೆ ಗಾಡಿಯೇ ಇರುತ್ತಿರಲಿಲ್ಲ ಎಂಬುದನ್ನೂ ಹೇಳಬೇಕು.

ಗಟ್ಟಿ ಸೀಟಿನ ವಿಷಯದಲ್ಲಿ ಲಂಡನ್ ನಡುವೆ ಹಾಯುವ ಥೇಮ್ಸ್‌ಲಿಂಕ್ ದಾರಿಯ 700 ಗಾಡಿಯನ್ನು ಎಲ್ಲರೂ ಇಸ್ತ್ರಿ ಮಣೆ ಎಂದು ಬಯ್ಯುತ್ತಾರೆ. ನಾನು ಪೂರ್ತಿ ಒಪ್ಪುವುದಿಲ್ಲ. ಅದನ್ನು ಮಾಡಿದ್ದು ಸೇಂಟ್ ಪ್ಯಾಂಕ್ರಾಸ್‌ನಿಂದ ಬ್ಲ್ಯಾಕ್‌ಫ್ರಯರ್ಸ್ ನಡುವೆ ಗಂಟೆಗೆ 24 ಗಾಡಿ ಹಾಯಿಸಲು. ಅಗಲ ಬಾಗಿಲು, ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆಯಬಹುದಾದ ತೆರವು, ನಿಲ್ಲಲು ಜಾಗ, ಸುರಂಗದಲ್ಲಿ ಕಂಪ್ಯೂಟರೇ ಗಾಡಿ ನಡೆಸುವ ಏರ್ಪಾಡು. ಆ ಹತ್ತು ನಿಮಿಷಕ್ಕೆ ಇದಕ್ಕಿಂತ ಒಳ್ಳೆಯ ಗಾಡಿ ಇಲ್ಲ. ಅದೇ ಗಾಡಿಯಲ್ಲಿ ಬ್ರೈಟನ್‌ನಿಂದ ಕೇಂಬ್ರಿಜ್‌ವರೆಗೆ ಕೂರಿಸುವುದು ತಪ್ಪು.

ಸ್ಟೇಷನ್ನುಗಳಲ್ಲಿ ನನಗೆ ಕಷ್ಟವಾದದ್ದು ಮ್ಯಾಂಚೆಸ್ಟರ್ ಪಿಕಡಿಲಿಯ 13, 14ನೇ ಪ್ಲಾಟ್‌ಫಾರಂ. ಮುಖ್ಯ ಕಟ್ಟಡದಿಂದ ದೂರ, ಸಾಮಾನು ಎಳೆದುಕೊಂಡು ಎಂಟು ಹತ್ತು ನಿಮಿಷ ಬೇಕು. ಊರಿನ ನಡುವೆ ಹಾದುಹೋಗುವ ಗಾಡಿಗಳೆಲ್ಲ ಈ ಎರಡೇ ಹಳಿಯಲ್ಲಿ ನುಗ್ಗಬೇಕು. 2017ರ ಡಿಸೆಂಬರ್‌ನಲ್ಲಿ ಆರ್ಡ್‌ಸಲ್ ಕೊಂಡಿ ಹಳಿ ತೆರೆದು ಇನ್ನಷ್ಟು ಗಾಡಿಗಳನ್ನು ಈ ಕಡೆಗೆ ತಿರುಗಿಸಿದರು. ಜೊತೆಗೆ ಆಗಬೇಕಿದ್ದ 15, 16ನೇ ಪ್ಲಾಟ್‌ಫಾರಂ ಕಟ್ಟಲೇ ಇಲ್ಲ. ಹರಿವು ಹೆಚ್ಚಾಯಿತು, ಕೊರಳು ಅಷ್ಟೇ ಉಳಿಯಿತು. ಒಂದು ಗಾಡಿ ಎರಡು ನಿಮಿಷ ಹೆಚ್ಚು ನಿಂತರೆ ಹಿಂದಿನವೆಲ್ಲ ಸಾಲುಗಟ್ಟುತ್ತವೆ. ಅಲ್ಲಿ ಗಾಡಿ ಬದಲಿಸುವುದಿದ್ದರೆ 20 ನಿಮಿಷವಾದರೂ ಇಟ್ಟುಕೊಳ್ಳಿ.

ಕೈಮರ:

ಕೇಂಬ್ರಿಯನ್ ದಾರಿಗೆ ನನ್ನ ಓಟು, ಅದೂ ಶ್ರೂಸ್‌ಬರಿಯಿಂದಲೇ ಶುರುಮಾಡಿದರೆ. ಅಲ್ಲಿನ ಸೆವರ್ನ್ ಬ್ರಿಡ್ಜ್ ಜಂಕ್ಷನ್ ಸಿಗ್ನಲ್ ಕ್ಯಾಬಿನ್ 1903ರದ್ದು, 180 ಲಿವರ್. ಇನ್ನೂ ಕೆಲಸದಲ್ಲಿರುವ ಲಿವರ್ ಕ್ಯಾಬಿನ್‌ಗಳಲ್ಲಿ ಜಗತ್ತಿಗೇ ದೊಡ್ಡದು. ಪ್ಲಾಟ್‌ಫಾರಂ ತುದಿಗೆ ನಡೆದರೆ ಕಟ್ಟಡವೂ ಕೈಮರಗಳೂ (ಕೈ ಆಡಿಸುವ ಹಳೆಯ ಸಿಗ್ನಲ್ ಕಂಬಗಳು) ಕಾಣುತ್ತವೆ. ತಂತಿ ಎಳೆದಾಗ ಕೈ ಆಡುವುದನ್ನು ನೋಡಿ ಗಾಡಿ ಹತ್ತಿ. ಪಶ್ಚಿಮಕ್ಕೆ ಹೊರಟ ಸ್ವಲ್ಪ ಹೊತ್ತಿಗೆ ಹಳಿ ಪಕ್ಕದಲ್ಲಿ ಸಿಗ್ನಲ್ಲೇ ಇಲ್ಲ. 2011ರಲ್ಲಿ ಬ್ರಿಟನ್ನಿನಲ್ಲೇ ಮೊದಲಿಗೆ ಈ ದಾರಿಗೆ ಯೂರೋಪಿನ ರೇಡಿಯೊ ಸಿಗ್ನಲ್ ಪದ್ಧತಿ ಹಾಕಿದರು. ಎಷ್ಟು ದೂರ ಹೋಗಬಹುದು, ಎಷ್ಟು ವೇಗ ಎಂಬುದು ಚಾಲಕನ ಮುಂದಿನ ಪರದೆಗೇ ಬರುತ್ತದೆ. ಸಿಗ್ನಲ್ ಚರಿತ್ರೆಯ ಎರಡು ತುದಿಗಳನ್ನು ಒಂದೇ ಟಿಕೆಟ್‌ನಲ್ಲಿ ನೋಡಿದ ಹಾಗೆ.

ಮಹಂತ್‌ಲೆತ್‌ನಲ್ಲಿ ಗಾಡಿ ಎರಡಾಗುತ್ತದೆ, ಒಂದು ಭಾಗ ಅಬರಿಸ್ಟ್‌ವಿತ್‌ಗೆ, ಇನ್ನೊಂದು ಪುಲ್‌ಹೆಲಿಗೆ. ನಿಮಗೆ ಬೇಕಾದದ್ದು ಪುಲ್‌ಹೆಲಿ. ಎಡಗಡೆ ಕೂತರೆ ಕಡಲು. ಬಾರ್ಮತ್ ಸೇತುವೆ ಮೇಲೆ ಮಾತ್ರ ಬಲಕ್ಕೆ ತಿರುಗಿ: ನದಿ ಬಾಯಿ, ಅದರ ಹಿಂದೆ ಕಾಡರ್ ಇದ್ರಿಸ್ ಬೆಟ್ಟ. ಸೇತುವೆ 1867ರದ್ದು, ಬಹುಪಾಲು ಮರ. 1980ರಲ್ಲಿ ಕಂಬಗಳನ್ನು ಕಡಲ ಹುಳು ಕೊರೆದಿರುವುದು ಗೊತ್ತಾಗಿ ದಾರಿಯೇ ಹೋಗುವ ಹಾಗಿತ್ತು. 2020ರಿಂದ 2023ರವರೆಗೆ ಹಂತ ಹಂತವಾಗಿ ದುರಸ್ತಿ ಮಾಡಿದರು. ಸಣ್ಣ ಸ್ಟೇಷನ್ನುಗಳಲ್ಲಿ ಕೇಳಿದರೆ ಮಾತ್ರ ನಿಲ್ಲಿಸುತ್ತಾರೆ. ಇಳಿಯುವವರು ಗಾರ್ಡ್‌ಗೆ ಮೊದಲೇ ಹೇಳಬೇಕು, ಹತ್ತುವವರು ಚಾಲಕನಿಗೆ ಕಾಣುವಂತೆ ಕೈ ಒಡ್ಡಬೇಕು.

ಸ್ಟೇಷನ್ ಪೈಕಿ ನನಗೆ ವೀಮ್ಸ್ ಬೇ ಬಲು ಇಷ್ಟ, 1903ರದ್ದು, ಗ್ಲಾಸ್ಗೋ ಸೆಂಟ್ರಲ್‌ನಿಂದ ಸುಮಾರು ಒಂದು ಗಂಟೆ. ಗಾಡಿ ಇಳಿದವರು ದುಂಡನೆಯ ಗಾಜಿನ ಮಾಡಿನ ಕೆಳಗೆ ಬಂದು, ಅಲ್ಲಿಂದ ಬಾಗಿದ ಇಳಿಜಾರಿನಲ್ಲಿ ನೇರ ದೋಣಿಕಟ್ಟೆಗೆ ಹೋಗುತ್ತಾರೆ. ಎಲ್ಲಿಯೂ ಚೂಪಾದ ಮೂಲೆ ಇಲ್ಲ, ಜನ ನಿಲ್ಲದೆ ಹರಿಯಲಿ ಎಂದೇ ಹಾಗೆ ಮಾಡಿದ್ದು. ಸೇಂಟ್ ಪ್ಯಾಂಕ್ರಾಸ್‌ನ 1868ರ ಮಾಡೂ ದೊಡ್ಡದೇ, ಸುಮಾರು 73 ಮೀಟರ್ ಅಗಲಕ್ಕೆ ನಡುವೆ ಒಂದು ಕಂಬವಿಲ್ಲ. ಕೆಳಗಿನ ನೆಲಮಾಳಿಗೆಯಲ್ಲಿ ಬರ್ಟನ್ ಊರಿನ ಬಿಯರ್ ಇಡುತ್ತಿದ್ದರು, ಅಲ್ಲಿನ ಕಂಬಗಳ ಅಂತರವನ್ನು ಪೀಪಾಯಿಯ ಅಳತೆಯಲ್ಲಿ ನಿಗದಿ ಮಾಡಿದರು. ಆದರೆ ಆ ಮಾಡು ಈಗ ಯೂರೋಸ್ಟಾರ್‌ಗೆ. ಯಾವ ಮಿಡ್‌ಲ್ಯಾಂಡ್ ದಾರಿಗೆಂದು ಅದನ್ನು ಕಟ್ಟಿದರೋ ಆ ದಾರಿಯ ಗಾಡಿಗಳು ಮಾಡು ಮುಗಿದ ಮೇಲೆ, ಆಚೆಯ ಚಪ್ಪಟೆ ಸೂರಿನ ಕೆಳಗೆ ನಿಲ್ಲುತ್ತವೆ. 2007ರ ಆ ಕೆಲಸದಲ್ಲಿ ನನಗೆ ಒಪ್ಪದ್ದು ಇದೊಂದೇ.

ಗೇಜು1676:

ಎಲ್ಲರಿಗೂ ಧನ್ಯವಾದ, ಫೋರ್ಟ್ ವಿಲಿಯಂನಲ್ಲಿ ಸೀಟಿನ ಪಕ್ಕ ಬದಲಾಗುವ ವಿಷಯ ಎಲ್ಲೂ ಓದಿರಲಿಲ್ಲ. ಹಾಗಾದರೆ ಡಾಲಿಷ್ ಬಿಡಲೇ? ಎಡಿನ್‌ಬರೋ ಹತ್ತಿರದ ಫೋರ್ತ್ ಸೇತುವೆಯನ್ನೂ ಸೇರಿಸಬಹುದೇ?

ಲೀಡ್ಸ್‌ಕನ್ನಡತಿ:

ಡಾಲಿಷ್ ಬಿಡಿ. ದಾರಿ ಚೆನ್ನಾಗಿಲ್ಲವೆಂದಲ್ಲ. ಲೀಡ್ಸ್‌ನಿಂದ ಎಕ್ಸೆಟರ್‌ಗೇ ಸುಮಾರು ಐದು ಗಂಟೆ, ಅದೂ ಘಾಟಿಬ್ಯಾಂಕರ್ ಅವರು ಬೇಡವೆಂದ ಗಾಡಿಯಲ್ಲಿ. ಕಡಲ ಪಕ್ಕ ಸಿಗುವುದು ಕಾಲು ಗಂಟೆ. ಶರತ್ಕಾಲದ ಬಿರುಗಾಳಿ ಬಂದರೆ ಅದೂ ಇಲ್ಲ. 2014ರ ಫೆಬ್ರುವರಿಯಲ್ಲಿ ಗೋಡೆ ಕೊಚ್ಚಿಹೋಗಿ ಹಳಿ ಗಾಳಿಯಲ್ಲಿ ನೇತಾಡಿದ್ದು ಅಲ್ಲೇ, ಎರಡು ತಿಂಗಳು ದಾರಿ ಮುಚ್ಚಿತ್ತು. ಲಂಡನ್ ಕಡೆಯಿಂದ ಬರುವ ಇನ್ನೊಂದು ಪ್ರವಾಸಕ್ಕೆ ಇಟ್ಟುಕೊಳ್ಳಿ.

ಆರು ದಿನವನ್ನು ಹೀಗೆ ಹಂಚಿ. ಮೊದಲ ದಿನ ಲೀಡ್ಸ್‌ನಿಂದ ಕಾರ್ಲೈಲ್, ಮಧ್ಯೆ ರಿಬಲ್‌ಹೆಡ್‌ನಲ್ಲಿ ಒಂದು ಗಾಡಿ ಬಿಡಿ, ಕಾರ್ಲೈಲ್‌ನಿಂದ ಅದೇ ಸಂಜೆ ಗ್ಲಾಸ್ಗೋ. ಬಂದ ದಾರಿಯಲ್ಲೇ ಹಿಂದಿರುಗಬೇಕಿಲ್ಲ. ಎರಡನೇ ದಿನ ಬೆಳಗಿನ ಮೊದಲ ಗಾಡಿಗೆ ಮ್ಯಾಲೆಗ್, ಅದೇ ದಿನ ಗ್ಲಾಸ್ಗೋಗೆ ಮರಳಿ. ಮೂರನೇ ದಿನ ಎಡಿನ್‌ಬರೋ ಮೂಲಕ ವಾಪಸು. ಅಲ್ಲಿಂದ ಡಾಲ್‌ಮೆನಿ ಸ್ಟೇಷನ್ನಿಗೆ ಸುಮಾರು ಕಾಲು ಗಂಟೆ. ಇಳಿದು ಮೆಟ್ಟಿಲ ದಾರಿಯಲ್ಲಿ ನೀರಿನ ದಂಡೆಗೆ ಹೋಗಿ. ಫೋರ್ತ್ ಸೇತುವೆಯೂ ರಿಬಲ್‌ಹೆಡ್ ತರಹವೇ, ಗಾಡಿಯೊಳಗಿಂದ ಕೆಂಪು ಉಕ್ಕಿನ ತೊಲೆಗಳು ಸರಸರ ಹಾಯುವುದಷ್ಟೇ ಕಾಣುತ್ತದೆ. 1890ರ ಆ ಮೂರು ಉಕ್ಕಿನ ಗೋಪುರಗಳು, 521 ಮೀಟರಿನ ಹರಹು, ದಂಡೆಯಿಂದಲೇ ನೋಡಬೇಕು. ಬಣ್ಣ ಬಳಿಯುವುದು ಮುಗಿಯುವುದೇ ಇಲ್ಲ ಎಂಬ ಹಳೆಯ ಮಾತು ಈಗ ನಿಜವಲ್ಲ, 2011ರಲ್ಲಿ ಕನಿಷ್ಠ 25 ವರ್ಷ ಬಾಳುವ ಲೇಪ ಹಾಕಿ ಮುಗಿಸಿದ್ದಾರೆ. ಎಡಿನ್‌ಬರೋದಿಂದ ದಕ್ಷಿಣಕ್ಕೆ ಬರುವಾಗ ಎಡಗಡೆ ಕೂರಿ: ಕಡಲು, ಬೆರಿಕ್, ಆಮೇಲೆ ಡರಮ್ ಕಥೀಡ್ರಲ್, ಎಲ್ಲ ಅದೇ ಪಕ್ಕ. ನಾಲ್ಕನೇ ದಿನ ಮ್ಯಾಂಚೆಸ್ಟರ್ ಮೇಲೆ ಶ್ರೂಸ್‌ಬರಿ, ಐದನೇ ದಿನ ಪುಲ್‌ಹೆಲಿಗೆ ಹೋಗಿ ಶ್ರೂಸ್‌ಬರಿಗೆ ವಾಪಸು, ಆರನೇ ದಿನ ಲೀಡ್ಸ್.

ಘಾಟಿಬ್ಯಾಂಕರ್:

ಈ ಪಟ್ಟಿ ಸರಿಯಾಗಿದೆ, ಎರಡು ಎಚ್ಚರಿಕೆ ಸೇರಿಸುತ್ತೇನೆ. ಅಕ್ಟೋಬರ್ ಕೊನೆಯ ಭಾನುವಾರ ಗಡಿಯಾರ ಒಂದು ಗಂಟೆ ಹಿಂದೆ ಹೋಗುತ್ತದೆ. ಆಮೇಲೆ ಫೋರ್ಟ್ ವಿಲಿಯಂ ಕಡೆ ಸಂಜೆ ಐದಕ್ಕೆ ಮುಂಚೆಯೇ ಸೂರ್ಯ ಮುಳುಗುತ್ತಾನೆ. ಮ್ಯಾಲೆಗ್‌ನಿಂದ ಮರಳುವಾಗ ರಾನಕ್ ಬಯಲು ಕತ್ತಲಲ್ಲೇ ಹೋಗುತ್ತದೆ, ಹಾಗಾಗಿ ನೋಡುವುದೆಲ್ಲ ಹೋಗುವಾಗಲೇ ನೋಡಿ. ಆ ಭಾನುವಾರವನ್ನು ಯಾವ ಸಣ್ಣ ದಾರಿಗೂ ಇಡಬೇಡಿ. ಗಾಡಿಗಳು ಮೊದಲೇ ಕಡಿಮೆ, ಹಳಿ ಕೆಲಸಕ್ಕೆ ದಾರಿ ಮುಚ್ಚಿ ಬಸ್ಸು ಬಿಡುವುದೂ ವಾರದ ಕೊನೆಯಲ್ಲೇ ಹೆಚ್ಚು.

ಎರಡನೆಯದು ಎಲೆ. ನಗುವ ವಿಷಯವಲ್ಲ. ಒದ್ದೆ ಎಲೆ ಚಕ್ರದಡಿ ಅರೆದು ಹಳಿ ಮೇಲೆ ಕಪ್ಪು ಪೊರೆಯಾಗಿ ಅಂಟುತ್ತದೆ, ಹಿಡಿತ ಹೋಗುತ್ತದೆ. ಹೊರಡುವಾಗ ಚಕ್ರ ಸುಮ್ಮನೆ ಸುತ್ತುತ್ತದೆ, ಬ್ರೇಕ್ ಹಾಕಿದರೆ ಜಾರುತ್ತದೆ, ಅದಕ್ಕೇ ಚಾಲಕರು ಸ್ಟೇಷನ್ನಿಗೆ ಬಹಳ ಮೊದಲೇ ವೇಗ ಇಳಿಸುತ್ತಾರೆ. 1,500 ಬಾರ್ ಒತ್ತಡದಲ್ಲಿ ನೀರು ಹೊಡೆದು ಹಳಿ ತೊಳೆಯುವ ಗಾಡಿಗಳು ಆ ತಿಂಗಳೆಲ್ಲ ಓಡಾಡುತ್ತವೆ. ಆದರೂ ಕಾಡಿನ ನಡುವಿನ ಏರುಗಳಲ್ಲಿ ಹತ್ತು ನಿಮಿಷ ತಡವಾಗುವುದು ಸಾಮಾನ್ಯ. ಕೆಲವು ಕಡೆ ಆ ವಾರಗಳಿಗೆಂದೇ ಬೇರೆ ವೇಳಾಪಟ್ಟಿ ಇರುತ್ತದೆ, ಗಾಡಿ ಒಂದೆರಡು ನಿಮಿಷ ಮುಂಚೆ ಹೊರಡಬಹುದು. ಹಿಂದಿನ ರಾತ್ರಿ ಒಮ್ಮೆ, ಬೆಳಿಗ್ಗೆ ಹೊರಡುವ ಮುಂಚೆ ಇನ್ನೊಮ್ಮೆ ಸಮಯ ನೋಡಿಕೊಳ್ಳಿ.

ಗೇಜು1676:

ಸರಿ, ಭಾನುವಾರ ಶ್ರೂಸ್‌ಬರಿ ಪ್ಲಾಟ್‌ಫಾರಂ ತುದಿಯಲ್ಲಿ ಬರುವ ಹಾಗೆ ದಿನಗಳನ್ನು ಜರುಗಿಸಿಕೊಳ್ಳುತ್ತೇನೆ. ಗ್ಲಾಸ್ಗೋದಲ್ಲಿ ಬಲಗಡೆ, ಕಾರ್ಲೈಲ್ ಗಾಡಿಯಲ್ಲಿ ಎಡಗಡೆ, ಬರೆದುಕೊಂಡೆ.